ಹುಡುಗ ಉಣವಲ್ಲ: ಹಾವೇರಿ ಸೀಮೆಯ ಒಂದು ಹಳೆಯ ದೂರಿನ ಚರಿತ್ರೆ

ಹಾನಗಲ್ಲಿನ ಸರ್ಕಾರಿ ದವಾಖಾನೆಯ ಚೀಟಿ ಸಾಲಿನಲ್ಲಾಗಲಿ, ಸವಣೂರಿನ ಖಾಸಗಿ ಡಾಕ್ಟರರ ಬಾಗಿಲ ಮುಂದಿನ ಬೆಂಚಿನ ಮೇಲಾಗಲಿ, ಸಾಲಿಗೆ ಹೋಗುವ ಮಗನನ್ನು ಕರೆತಂದ ತಾಯಿಯ ಮೊದಲ ಮಾತು ಹೆಚ್ಚುಕಡಿಮೆ ಒಂದೇ: “ಹುಡುಗ ಉಣವಲ್ಲರೀ.” ಅದರ ಬೆನ್ನಿಗೇ ಇನ್ನೊಂದು: “ಉಂಡದ್ದೂ ಮೈಗೆ ಹತ್ತವಲ್ದು.” ಮಗುವಿಗೆ ಏಳೋ ಎಂಟೋ ವರ್ಷ. ಜ್ವರವಿಲ್ಲ, ಭೇದಿಯಿಲ್ಲ, ಗಾಯವಿಲ್ಲ. ಅರ್ಧ ರೊಟ್ಟಿ ತಿಂದು, ಉಳಿದರ್ಧ ತಾಟಿನಲ್ಲೇ ಬಿಟ್ಟು ಏಳುತ್ತದೆ, ಅಷ್ಟೇ. ಬೆರಳಿಟ್ಟು ತೋರಿಸಲು ಏನೂ ಇಲ್ಲದ ಈ ತೊಂದರೆಯನ್ನು ಯಾರ ಮುಂದೆ ಹೇಳಿಕೊಳ್ಳಬೇಕು ಎಂಬುದು ಈ ಸೀಮೆಯ ತಾಯಂದಿರ ಹಳೆಯ ಕಷ್ಟ.

ಕೇಳಿಸಿಕೊಳ್ಳುವವರು ಕಾಲಕಾಲಕ್ಕೆ ಬದಲಾಗುತ್ತ ಬಂದರು. ಓಣಿಯ ಅಜ್ಜಿ, ನಾಟಿ ವೈದ್ಯ, ದರ್ಗಾ, ಮಠ, ಲೋಕಲ್ ಬೋರ್ಡಿನ ಕಾಂಪೌಂಡರ್, ಹುಬ್ಬಳ್ಳಿಯ ದೊಡ್ಡ ದವಾಖಾನೆ, ಈಗ ಸಾಲಿಗೇ ಬರುವ ತಪಾಸಣೆ ತಂಡ. ಈ ದಾರಿಯನ್ನು ಹಿಂದಿನಿಂದ ನೋಡುತ್ತ ಬಂದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸರ್ಕಾರದ ಕಣ್ಣು ದುಡಿಯುವವರ ಮೇಲೆ ಬಿತ್ತು, ಬಾಣಂತಿಯರ ಮೇಲೆ ಬಿತ್ತು, ಎದೆಹಾಲು ಕುಡಿಯುವ ಕೂಸುಗಳ ಮೇಲೆ ಬಿತ್ತು. ಆರರಿಂದ ಹದಿನಾಲ್ಕರ ನಡುವಿನ ಮಗುವಿನ ಊಟದ ಮೇಲೆ ಬಿದ್ದದ್ದು ಎಲ್ಲಕ್ಕಿಂತ ಕೊನೆಗೆ.

ಇವತ್ತು ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಮುಂಬಯಿ ಪ್ರಾಂತದ ಹಳೆಯ ಕಡತಗಳಲ್ಲಿ ಇವನ್ನು ಹುಡುಕುವವರು ಬೇರೆ ಹೆಸರು ಹಿಡಿದು ಹೋಗಬೇಕು. ಅಲ್ಲಿ ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿಯ ಊರು. ಹಿರೇಕೆರೂರು ಕೋಡ ತಾಲ್ಲೂಕಿನದು. ಸವಣೂರು ನವಾಬರ ಪುಟ್ಟ ಸಂಸ್ಥಾನವಾಗಿತ್ತು, 1948ರಲ್ಲಿ ವಿಲೀನವಾಗುವವರೆಗೆ ಅದರ ಲೆಕ್ಕವೇ ಬೇರೆ. ಹಾನಗಲ್ಲಿನ ಪಡುವಣ ಅಂಚು ಕೆರೆ, ಕಾಡು, ಭತ್ತದ ಗದ್ದೆಗಳ ಅರೆಮಲೆನಾಡು. ಸವಣೂರಿನ ಕಡೆ ಜೋಳ, ಹತ್ತಿಯ ಎರೆಭೂಮಿ, ಊರ ಪಕ್ಕದಲ್ಲಿ ಎಲೆಬಳ್ಳಿಯ ತೋಟ. ಮಗು ಉಣದಿರುವುದಕ್ಕೆ ಕಾರಣಗಳೂ ಈ ಎರಡು ಬಗೆಯ ನೆಲದಲ್ಲಿ ಬೇರೆಬೇರೆಯೇ ಇದ್ದವು.

ಮನೆಮದ್ದಿಗೆ ಒಂದು ಕ್ರಮವಿತ್ತು. ಮೊದಲು ದೃಷ್ಟಿ. ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು. ಘಾಟು ಬರಲಿಲ್ಲವೆಂದರೆ ದೃಷ್ಟಿ ಜೋರಾಗಿಯೇ ತಾಗಿದೆ ಎಂದು ಅರ್ಥ. ಅದಕ್ಕೆ ಬಗ್ಗದಿದ್ದರೆ ಹೊಟ್ಟೆ ತೊಳೆಯುವ ಸರದಿ. ಬೆಳಗಿನ ಜಾವ ಮಗುವಿನ ಮೂಗು ಹಿಡಿದು ಔಡಲೆಣ್ಣೆ ಕುಡಿಸಿ, ಮಧ್ಯಾಹ್ನದವರೆಗೆ ಬರೀ ಗಂಜಿ ಕೊಟ್ಟು, ಜಂತುಹುಳ ಬಿದ್ದವೇ ಎಂದು ನೋಡುವುದು. ಬಜೆ ತೇದು ನೆಕ್ಕಿಸುವುದು, ಅಜವಾನ ಹುರಿದು ಬಿಸಿ ಅನ್ನಕ್ಕೆ ಕಲಸುವುದು ಇದರ ಜೊತೆಗೇ ನಡೆಯುತ್ತಿತ್ತು. ಈ ಮದ್ದುಗಳನ್ನು ಮೂಢತನವೆಂದು ಒಟ್ಟಿಗೆ ತಳ್ಳಿಹಾಕುವುದು ಅನ್ಯಾಯ. ಬರಿಗಾಲಲ್ಲಿ ಗದ್ದೆ, ತೋಟ ತಿರುಗುವ ಮಕ್ಕಳ ಹೊಟ್ಟೆಯಲ್ಲಿ ಹುಳ ಇರುತ್ತಿದ್ದುದು ನಿಜ, ಹುಳ ಇದ್ದ ಮಗುವಿಗೆ ಊಟ ಸೇರದಿರುವುದೂ ನಿಜ. ಔಡಲೆಣ್ಣೆಯ ಶಕ್ತಿ ಸಾಲದೇ ಇದ್ದಿರಬಹುದು, ಅಜ್ಜಿಯ ಗುಮಾನಿ ಮಾತ್ರ ಸರಿಯಾಗಿತ್ತು.

ಮಕ್ಕಳ ಕಾಯಿಲೆಗೆಂದೇ ಕನ್ನಡದಲ್ಲಿ ಬರೆದಿಡುವ ಪರಂಪರೆ ತುಂಬ ಹಿಂದಕ್ಕೆ ಹೋಗುತ್ತದೆ. ಸುಮಾರು 1200ರ ಹೊತ್ತಿನ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಕನ್ನಡದ ಆರಂಭದ ವೈದ್ಯಗ್ರಂಥಗಳಲ್ಲಿ ಒಂದು. ಮಗು ಹಾಲು, ಅನ್ನ ಬಿಟ್ಟು ಸೊರಗಿದರೆ ಅದನ್ನೊಂದು ಗ್ರಹ ಹಿಡಿದಿದೆ ಎಂಬ ತಿಳಿವಳಿಕೆ ಆ ಕಾಲದ್ದು. ಎಂಟು ನೂರು ವರ್ಷ ಕಳೆದರೂ ‘ಬಾಲಗ್ರಹ’ ಎಂಬ ಹೆಸರು ಹಳ್ಳಿಯ ಮಾತಿನಲ್ಲಿ ಉಳಿದಿದೆ, ಆಯುರ್ವೇದದ ಅಂಗಡಿಯಲ್ಲಿ ಆ ಹೆಸರಿನ ಗುಳಿಗೆಯೂ ಸಿಗುತ್ತದೆ.

ಸವಣೂರಿನಂಥ ಊರುಗಳಲ್ಲಿ ಇನ್ನೊಂದು ದಾರಿಯಿತ್ತು. ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಮಸೀದಿಯ ಬಾಗಿಲಲ್ಲಿ ಹೆಂಗಸರು ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಕಾಯುತ್ತಾರೆ. ಹೊರಬರುವವರು ಒಬ್ಬೊಬ್ಬರಾಗಿ ಬಾಗಿ ಮಗುವಿನ ಮುಖದ ಮೇಲೆ ಮೆಲ್ಲಗೆ ಊದಿ ಮುಂದೆ ಹೋಗುತ್ತಾರೆ. ಸಾಲಿನಲ್ಲಿ ನಿಂತವರಲ್ಲಿ ಕುಂಕುಮವಿಟ್ಟವರೂ ಇರುತ್ತಾರೆ, ಬುರ್ಖಾ ತೊಟ್ಟವರೂ ಇರುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫ ಸಾಹೇಬರು (1819–1889) ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ನೆಲ ಇದು. ಮಗುವಿನ ಸಲುವಾಗಿ ಯಾರ ಬಾಗಿಲಿಗೆ ಹೋಗಲಿಕ್ಕೂ ಇಲ್ಲಿ ಸಂಕೋಚವಿರಲಿಲ್ಲ. ಊದಿಸಿಕೊಂಡ ಮಗು ಅಂದೇ ಉಂಡಿತೋ ಇಲ್ಲವೋ, ತಾಯಿಗೆ ಮಾತ್ರ ಹತ್ತು ಮಂದಿ ತನ್ನ ಮಗುವಿನತ್ತ ನೋಡಿದರೆಂಬ ಸಮಾಧಾನ ಸಿಗುತ್ತಿತ್ತು. ಸರ್ಕಾರಿ ವೈದ್ಯವ್ಯವಸ್ಥೆ ಬಹುಕಾಲ ಆ ಸಮಾಧಾನವನ್ನೂ ಕೊಡಲಿಲ್ಲ.

ಈ ಮದ್ದುಗಳಲ್ಲಿ ನಿಜಕ್ಕೂ ಹಾನಿ ಮಾಡಿದ್ದು ಬರೆ. ಉತ್ತರ ಕರ್ನಾಟಕದ ಎಷ್ಟೋ ಹಿರಿಯರ ಹೊಟ್ಟೆಯ ಮೇಲೆ, ಹೊಕ್ಕುಳ ಸುತ್ತ, ಸಣ್ಣ ಸುಟ್ಟ ಕಲೆಗಳಿವೆ. ಹೊಟ್ಟೆ ಉಬ್ಬಿ ಕೈಕಾಲು ಸಣ್ಣಗಾದ ಮಗುವಿಗೆ ಕಾಯಿಸಿದ ಸೂಜಿಯಿಂದಲೋ ಬಳೆಯ ಚೂರಿನಿಂದಲೋ ಸುಡಿಸುತ್ತಿದ್ದರು. ಹಾಗೆ ಉಬ್ಬಿದ ಹೊಟ್ಟೆಯ ಹಿಂದೆ ಮಲೇರಿಯಾ ಇರುತ್ತಿತ್ತು, ಯಕೃತ್ತಿನ ಕಾಯಿಲೆಯಿರುತ್ತಿತ್ತು, ಕ್ಷಯವಿರುತ್ತಿತ್ತು, ಇಲ್ಲವೇ ಬರೀ ಹಸಿವಿರುತ್ತಿತ್ತು. ಬರೆ ಅದಾವುದನ್ನೂ ಮುಟ್ಟುತ್ತಿರಲಿಲ್ಲ. ನೋವಿನ ಜೊತೆಗೆ ದಿನಗಳೂ ಕೈತಪ್ಪುತ್ತಿದ್ದವು.

ಊಟವಿದ್ದೂ ಉಣದ ಮಗು ಒಂದು ಕಡೆ. ಉಣ್ಣಲು ಇಲ್ಲದ ಮಗು ಇನ್ನೊಂದು ಕಡೆ. ಎರಡನೆಯದು ಸರ್ಕಾರದ ಕಡತ ಸೇರಿದ್ದು 1876–78ರ ಭೀಕರ ಬರಗಾಲದಲ್ಲಿ. ಮುಂಬಯಿ ಪ್ರಾಂತದಲ್ಲಿ ಬರ ಬಡಿದ ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಭಾರತ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ಇಳಿಸಿದ: ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಕಾಳಿನ ಬೆಲೆ, ಜೊತೆಗೊಂದು ಆಣೆ. ಏಳು ವರ್ಷ ದಾಟಿ ದುಡಿಯಬಲ್ಲ ಮಗುವಿಗೆ ಅರ್ಧ ಪೌಂಡು ಕಾಳಿನ ಬೆಲೆ, ಮೇಲೆ ಕಾಲಾಣೆ. ಅರ್ಧ ಪೌಂಡು ಎಂದರೆ ಕಾಲು ಕಿಲೊಗೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಆ ಪಡಿ ಜೀವ ಹಿಡಿಯಲಿಕ್ಕೆ ಸಾಲದು ಎಂದು ಅಂಕಿ ಸಮೇತ ವಾದಿಸಿದರು. ಈ ಜಗಳ ವೈದ್ಯಕೀಯ ಇತಿಹಾಸದಲ್ಲಿ ಪ್ರಸಿದ್ಧ. ಅದರೊಳಗೆ ಅಡಗಿದ ಇನ್ನೊಂದು ಮಾತೂ ಗಮನಿಸಬೇಕಾದದ್ದು: ಇವತ್ತು ಎರಡನೆಯ ಇಯತ್ತೆಯಲ್ಲಿ ಕೂರುವ ವಯಸ್ಸಿನ ಮಗು ಆ ಕಡತಕ್ಕೆ ಸೇರಿದ್ದು ಮಣ್ಣು ಹೊರುವ ಕೂಲಿಯಾಗಿ. ಅದಕ್ಕೆ ಎಷ್ಟು ಅನ್ನ ಬೇಕು ಎಂಬುದನ್ನು ಅದು ಮಾಡುವ ಕೆಲಸದ ಮೇಲೆ ಅಳೆದರು, ಅದು ಬೆಳೆಯಬೇಕಾದ ದೇಹ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಸಾಲಿ ಕಲಿಯುವ ಮಗುವಿಗೆ ಅನ್ನ ಹಾಕಬೇಕೆಂಬ ವಿಚಾರ ಇಲ್ಲಿ ಮೊದಲು ಗಟ್ಟಿಯಾದದ್ದು ಮಠಗಳಲ್ಲಿ. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) ಬಾದಾಮಿಯ ಹತ್ತಿರ 1909ರಲ್ಲಿ ಶಿವಯೋಗಮಂದಿರ ಕಟ್ಟಿದವರು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಕುರುಡು ಹುಡುಗನೊಬ್ಬನನ್ನು ಕರೆತಂದು ಸಾಕಿ ಸಂಗೀತ ಕಲಿಸಿದವರೂ ಅವರೇ. ಆ ಹುಡುಗ ಮುಂದೆ ಪಂಚಾಕ್ಷರ ಗವಾಯಿಯಾದ. ಧಾರವಾಡದ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಹಳ್ಳಿ ಹುಡುಗರು ಎಷ್ಟೋ ಮಂದಿ. ಬ್ರಾಹ್ಮಣ ಮನೆಗಳಲ್ಲಿ ವಾರಾನ್ನದ ಪದ್ಧತಿಯಿತ್ತು, ದಿನಕ್ಕೊಂದು ಮನೆಯ ಊಟ. ಎರಡೂ ಕಡೆ ಹೊಟ್ಟೆ ತುಂಬುತ್ತಿತ್ತು. ಉಣಲಾಗದ ಮಗುವಿಗೆ ಏನಾಗಿದೆ ಎಂದು ನೋಡುವ ಕೆಲಸ ಅಲ್ಲಿನದಾಗಿರಲಿಲ್ಲ, ಆಗುವಂತೆಯೂ ಇರಲಿಲ್ಲ.

ಇಂಗ್ಲಿಷ್ ಔಷಧಿಯ ಡಾಕ್ಟರರು ಹಳ್ಳಿ ಕಡೆ ಬಂದದ್ದು ಬೇರೆ ಕಾರಣಕ್ಕೆ. ಊರೂರಿಗೆ ಬರುತ್ತಿದ್ದವರು ಸಿಡುಬು ತಡೆಯಲು ‘ದೇವಿ ಹಾಕುವವರು’. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಡಿದಾಗ ಹಾಫ್‌ಕಿನ್ ಅವರ ಲಸಿಕೆಯನ್ನು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಚುಚ್ಚಿದರು. ಸಾಂಕ್ರಾಮಿಕ ಬಂದರೆ ಸರ್ಕಾರ ಬರುತ್ತಿತ್ತು. ಮಗು ಮೂರು ವರ್ಷ ಬೆಳೆಯದೆ ಇದ್ದಹಾಗೇ ಉಳಿದರೆ ಯಾರೂ ಬರುತ್ತಿರಲಿಲ್ಲ.

1884ರ ಕಾಯ್ದೆಯ ಲೋಕಲ್ ಬೋರ್ಡುಗಳ ಕಾಲದಲ್ಲಿ ಸಣ್ಣ ದವಾಖಾನೆಗಳು ತಾಲ್ಲೂಕು ಊರುಗಳನ್ನು ಮುಟ್ಟುತ್ತ ಬಂದವು. ಅಲ್ಲಿನ ವ್ಯವಹಾರ ಹಿರಿಯರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಮನೆಯಿಂದಲೇ ತೊಳೆದ ಬಾಟ್ಲಿ ಒಯ್ಯಬೇಕು. ಡಾಕ್ಟರರು ನಾಲಿಗೆ ನೋಡಿ, ಕಣ್ಣಿನ ರೆಪ್ಪೆ ಕೆಳಗೆಳೆದು, ಚೀಟಿ ಬರೆಯುತ್ತಾರೆ. ಕಿಟಕಿಯ ಆಚೆ ಕಾಂಪೌಂಡರ್ ದೊಡ್ಡ ಜಾಡಿಯಿಂದ ಕೆಂಪು ಮಿಕ್ಸ್ಚರ್ ಸುರಿದು, ಬಾಟ್ಲಿಯ ಹೊರಮೈಗೆ ಕತ್ತರಿಯಿಂದ ಕಚ್ಚು ಮಾಡಿದ ಕಾಗದದ ಪಟ್ಟಿಯನ್ನು ಅಂಟಿನಿಂದ ಹಚ್ಚುತ್ತಾನೆ. ಒಂದು ಕಚ್ಚು ಒಂದು ಹೊತ್ತಿಗೆ. ಅಕ್ಷರ ಬಾರದ ತಾಯಿಗೂ ಆ ಪಟ್ಟಿ ಓದಲು ಬರುತ್ತಿತ್ತು. ಉಣದ ಮಗುವಿಗೆ ಸಿಗುತ್ತಿದ್ದುದು ಬಹುಮಟ್ಟಿಗೆ ಹೊಟ್ಟೆಯ ವಾಯು ಕಳೆಯುವ ಖಾರದ ಮಿಕ್ಸ್ಚರ್, ಇಲ್ಲವೇ ಕಬ್ಬಿಣದ ಅಂಶವಿದ್ದ ಕಹಿ ನೀರು. ತೂಕ ಮಾಡುವ, ಎತ್ತರ ಅಳೆಯುವ ರೂಢಿ ಇರಲಿಲ್ಲ. ಭಾರತದಲ್ಲಿ ಸಾಲಿ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. ಬಂಕಾಪುರ, ಕೋಡ ತಾಲ್ಲೂಕುಗಳ ಹಳ್ಳಿಗೆ ಅದು ಬಲು ದೂರದ ಸುದ್ದಿ.

ಇನ್ನು ಹಾನಗಲ್ಲಿನ ಕಡೆಯ ದೊಡ್ಡ ಕಾರಣಕ್ಕೆ ಬರಬೇಕು. ಧಾರವಾಡ ಜಿಲ್ಲೆಯ ಪಡುವಣ ಅಂಚು, ಅದಕ್ಕೆ ತಾಗಿದ ಕೆನರಾ (ಇಂದಿನ ಉತ್ತರ ಕನ್ನಡ) ಜಿಲ್ಲೆ, ಚಳಿಜ್ವರದ ತವರಾಗಿದ್ದವು. ವರ್ಷವರ್ಷವೂ ಮಲೇರಿಯಾ ಹಿಡಿದ ಮಗುವಿನ ಗುಲ್ಮ ಊದಿಕೊಂಡು ಎಡ ಪಕ್ಕೆಲುಬಿನಿಂದ ಕೆಳಗಿಳಿಯುತ್ತದೆ. ಜನ ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಊದಿದ ಗುಲ್ಮ ಜಠರವನ್ನು ಒತ್ತುವುದರಿಂದ ಮಗು ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತೆನ್ನುತ್ತದೆ. ರಕ್ತ ಒಡೆದು ಮುಖ ಬಿಳಿಚುತ್ತದೆ. ಹೊಟ್ಟೆ ಮುಂದೆ ಬಂದು ಕಾಲು ಕಡ್ಡಿಯಾಗುತ್ತದೆ. ತಾಯಿ ಹೇಳುತ್ತಿದ್ದ “ಉಣವಲ್ಲ, ಹೊಟ್ಟಿ ಮಾತ್ರ ಡೊಳ್ಳಾಗೇತಿ” ಎಂಬ ಮಾತಿನಲ್ಲಿ ಇಡೀ ರೋಗಲಕ್ಷಣ ಇತ್ತು.

ಇಲ್ಲಿಯೇ, ಎರಡನೆಯ ಮಹಾಯುದ್ಧ ಮುಗಿದೊಡನೆ, ಭಾರತದ ಆರೋಗ್ಯ ಚರಿತ್ರೆಯ ಒಂದು ಮುಖ್ಯ ಪ್ರಯೋಗ ನಡೆಯಿತು. ಮುಂಬಯಿ ಪ್ರಾಂತದ ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಕೀಟತಜ್ಞ ಟಿ. ರಾಮಚಂದ್ರ ರಾವ್ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಸಿದರು. ಮೊದಲ ವರ್ಷದ ಫಲಿತಾಂಶವನ್ನು 1947ರಲ್ಲಿ ಪ್ರಕಟಿಸಿದರು. ಫಲ ಬಂತೋ ಇಲ್ಲವೋ ಎಂದು ಅಳೆಯಲು ಮಲೇರಿಯಾ ಶಾಸ್ತ್ರದಲ್ಲಿ ಒಂದು ಸರಳ ವಿಧಾನವಿದೆ. ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಎಡ ಪಕ್ಕೆಯ ಕೆಳಗೆ ಬೆರಳೊತ್ತಿ, ಉಸಿರು ಎಳೆದುಕೊಳ್ಳಲು ಹೇಳಿ, ಗುಲ್ಮ ಬೆರಳಿಗೆ ತಾಗುತ್ತದೆಯೇ ಎಂದು ನೋಡುವುದು. ನೂರರಲ್ಲಿ ಎಷ್ಟು ಮಕ್ಕಳಿಗೆ ತಾಗಿತೋ ಅದೇ ಆ ಊರಿನ ಮಲೇರಿಯಾದ ಅಳತೆ. ಈ ಅಳತೆಯ ಸಲುವಾಗಿ ಸಾಲಿ ವಯಸ್ಸಿನ ಮಕ್ಕಳ ಹೊಟ್ಟೆಯನ್ನು ಸರ್ಕಾರಿ ಡಾಕ್ಟರರು ಹಳ್ಳಿಗೇ ಬಂದು, ಸಾಲುಸಾಲಾಗಿ, ಮುಟ್ಟಿ ನೋಡಿದರು. ಅವರು ಕೇಳಿದ್ದು ಸೊಳ್ಳೆಯ ಪ್ರಶ್ನೆ. ಆದರೂ ಗುಲ್ಮ ಇಳಿದ ಮಕ್ಕಳಿಗೆ ಊಟ ರುಚಿಸಿತು. ಈ ಸೀಮೆಯಲ್ಲಿ ಉಣದ ಮಗುವಿಗೆ ಯಾವ ಟಾನಿಕ್ಕೂ ಮಾಡದಷ್ಟು ಉಪಕಾರವನ್ನು ಆ ಡಿಡಿಟಿ ಪಂಪುಗಳು ಮಾಡಿದವು ಎಂದರೆ ಉತ್ಪ್ರೇಕ್ಷೆಯಲ್ಲ. 1953ರಲ್ಲಿ ದೇಶಕ್ಕೇ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದಾಗ ಕೆನರಾ–ಧಾರವಾಡದ ಅನುಭವ ಅದರ ಬೆನ್ನಿಗಿತ್ತು.

1956ರ ಏಕೀಕರಣದ ಮರುವರ್ಷ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾಯಿತು. ಕೆಎಂಸಿ ಎಂದರೆ ಶಿಗ್ಗಾವಿ, ಸವಣೂರು, 	ಹಾನಗಲ್ಲಿನವರಿಗೆ ಕೊನೆಯ ನ್ಯಾಯಾಲಯವಿದ್ದಂತೆ. ಹಿರೇಕೆರೂರಿನವರು ದಾವಣಗೆರೆಯತ್ತಲೂ ಮುಖ ಮಾಡಿದರು, ಅಲ್ಲಿ 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಬಂದಿತ್ತು. ಕುತ್ತಿಗೆಯಲ್ಲಿ ಗಂಟು ಕಂಡ ಮಗುವಿಗೆ ಗಂಡಮಾಲೆಯೆಂದು ಲೇಪ ಹಚ್ಚುತ್ತಿದ್ದ ಕಾಲ ಹೋಗಿ, ಅದು ಕ್ಷಯವಿರಬಹುದೆಂದು ಎಕ್ಸ್‌ರೇ ತೆಗೆಸುವ ಕಾಲ ಬಂತು. ಧಾರವಾಡದಲ್ಲಿ ವೈದ್ಯೆಯಾಗಿದ್ದ ಲೇಖಕಿ ಡಾ. ಅನುಪಮಾ ನಿರಂಜನ ಅವರ ‘ತಾಯಿ ಮಗು’ ಕನ್ನಡದ ಮನೆಗಳಿಗೆ ಮಕ್ಕಳ ಆರೈಕೆಯ ವಿಜ್ಞಾನವನ್ನು ತಂದ ಪುಸ್ತಕ. ಅದೇ ಹೊತ್ತಿಗೆ ಟಾನಿಕ್ಕಿನ ಯುಗವೂ ಬಂತು. ಶಾರ್ಕೊಫೆರಾಲ್, ವಾಟರ್‌ಬರೀಸ್ ಕಾಂಪೌಂಡ್ ಬಾಟ್ಲಿಗಳು ಉಳ್ಳವರ ಮನೆಯ ಗೂಡು ಸೇರಿದವು. ಬಡವರ ಮಕ್ಕಳ ಪಾಲಿಗೆ 1960ರ ದಶಕದಲ್ಲಿ ಬಂದದ್ದು ಕೇರ್ ಸಂಸ್ಥೆಯ ಅಮೆರಿಕದ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ. ಸಾಲಿಯ ಹಿಂದೆ ಮೂರು ಕಲ್ಲಿನ ಒಲೆಯ ಮೇಲೆ ಮಾಸ್ತರರೇ ನಿಂತು ಬೇಯಿಸಿದ ಆ ಉಪ್ಪಿಟ್ಟಿನ ವಾಸನೆಯನ್ನು ಅರವತ್ತು ದಾಟಿದವರು ಇಂದಿಗೂ ವರ್ಣಿಸುತ್ತಾರೆ.

ಸಾಲಿ ಮಕ್ಕಳ ಆರೋಗ್ಯದ ಬಗ್ಗೆ ಕೇಂದ್ರ ಸರ್ಕಾರ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ದು 1960ರಲ್ಲಿ. ಮರುವರ್ಷ ವರದಿಯೂ ಬಂತು. ಹಳ್ಳಿಯಲ್ಲಿ ಅದು ಕಾಣಲಿಲ್ಲ. 1975ರಲ್ಲಿ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಮೊದಲ ಪ್ರಯೋಗ ತಿ. ನರಸೀಪುರದಲ್ಲಾಯಿತು, ಮುಂದೆ ಅಂಗನವಾಡಿ ಊರೂರಿಗೆ ಬಂತು. ಅಂಗನವಾಡಿಯ ತೂಕದ ತಕ್ಕಡಿ ಬಂದದ್ದು ದೊಡ್ಡ ಸಂಗತಿ. ಆದರೆ ಅದು ಆರು ವರ್ಷಕ್ಕೆ ನಿಲ್ಲುತ್ತದೆ. ಕುಟುಂಬ ಆರೋಗ್ಯ ಸಮೀಕ್ಷೆಯೂ ಐದು ವರ್ಷದೊಳಗಿನವರನ್ನು ಅಳೆದು, ಆಮೇಲೆ ಹದಿನೈದು ದಾಟಿದವರನ್ನು ಅಳೆಯುತ್ತದೆ. ನಡುವಿನ ಮಗು ಎಷ್ಟು ತೂಗುತ್ತದೆ ಎಂದು ದೇಶ ಸಮಗ್ರವಾಗಿ ನೋಡಿದ್ದು 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ. ಐದರಿಂದ ಒಂಬತ್ತು ವರ್ಷದವರಲ್ಲಿ ಶೇ 22 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 23 ಮಕ್ಕಳು ತೆಳ್ಳಗಾದವರು ಎಂದು ಅದು ತೋರಿಸಿತು. ಸಾಲಿಯಲ್ಲಿ ದಿನಾ ಕಣ್ಣೆದುರು ಕೂರುವ ಮಕ್ಕಳ ಸ್ಥಿತಿ ತಿಳಿಯಲು ಇಷ್ಟು ಕಾಲ ಹಿಡಿದದ್ದು ಸಂಕಟದ ಮಾತು.

ಅನ್ನದ ಕಡೆ ಕೆಲಸ ಸ್ವಲ್ಪ ಬೇಗ ಆಯಿತು. 1995ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೊ ಧಾನ್ಯ. ಮಗು ಅದನ್ನು ಚೀಲದಲ್ಲಿ ಹೊತ್ತು ಮನೆಗೆ ಒಯ್ಯುತ್ತಿತ್ತು, ಮನೆಯವರೆಲ್ಲ ಉಣ್ಣುತ್ತಿದ್ದರು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಹೇಳಿತು. ರಾಜ್ಯದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಕಲಬುರಗಿ ಕಡೆಯ ಏಳು ಜಿಲ್ಲೆಗಳಲ್ಲಿ ಶುರುವಾಗಿ, 2003ರಲ್ಲಿ ಹಾವೇರಿ ಸೇರಿದಂತೆ ಉಳಿದ ಕಡೆ ಬಂತು. ಕೆಳಗಿನ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಮೇಲಿನವರಿಗೆ 150 ಗ್ರಾಂ, 700 ಕ್ಯಾಲೊರಿ, 20 ಗ್ರಾಂ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ 150 ಮಿಲಿ ಹಾಲು ಸೇರಿತು. ಕೆನೆ ತೆಗೆದ ಹಾಲಿನ ಪುಡಿ ಕೊಟ್ಟರೆ ಬಡ ಮಕ್ಕಳ ಎತ್ತರ, ತೂಕ ಏರುತ್ತದೆ ಎಂದು ಕೂನೂರಿನಲ್ಲಿ ಏಕ್ರಾಯ್ಡ್ ಮತ್ತು ಕೃಷ್ಣನ್ 1930ರ ದಶಕದಲ್ಲೇ ತೋರಿಸಿದ್ದರು. ಅದು ಹಿರೇಕೆರೂರಿನ ಸಾಲಿಯ ಲೋಟಕ್ಕೆ ಬರಲು ಮುಕ್ಕಾಲು ಶತಮಾನ ಬೇಕಾಯಿತು. ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕೇ ಬೇಡವೇ ಎಂಬ ವಾದವಿವಾದ ನಡೆದೇ ಇತ್ತು; 2021ರ ಡಿಸೆಂಬರಿನಲ್ಲಿ ಏಳು ಜಿಲ್ಲೆಗಳಿಗೆ ಬಂದ ಮೊಟ್ಟೆ ಆಮೇಲೆ ಎಲ್ಲ ಜಿಲ್ಲೆಗೂ ಬಂತು, 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಲ್ಲಿ ವಾರಕ್ಕೆ ಆರು ದಿನವಾಯಿತು.

ಬಿಸಿಯೂಟದಿಂದ ಒಂದು ಅನಿರೀಕ್ಷಿತ ಲಾಭವಾಯಿತು. ಮಗು ಉಣ್ಣುವುದನ್ನು ತಾಯಿಯ ಹೊರತು ಇನ್ನೊಬ್ಬರು ದಿನಾ ನೋಡತೊಡಗಿದರು. ಯಾರು ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ, ಯಾರು ಸಾರು ಸೋರಿಸಿ ಅನ್ನ ಬಿಡುತ್ತಾರೆ, ಯಾರು ಊಟದ ಗಂಟೆಗೆ ಗೋಡೆಗೆ ಒರಗಿ ಕೂರುತ್ತಾರೆ ಎಂಬುದು ಬಡಿಸುವ ಅಕ್ಕನಿಗೆ ಗೊತ್ತು. ಬಳಪ ತಿನ್ನುವ ಮಗು ಯಾವುದೆಂದು ಮಾಸ್ತರರಿಗೆ ಗೊತ್ತು. ಬಳಪ, ಮಣ್ಣು, ಗೋಡೆಯ ಸುಣ್ಣ ತಿನ್ನುವುದು ಹಲವು ಸಲ ರಕ್ತಹೀನತೆಯ ಗುರುತು. ಕಬ್ಬಿಣದ ಕೊರತೆಯಿಂದ ಹಸಿವೆಯೇ ಕುಂದುತ್ತದೆ, ಹಸಿವೆ ಕುಂದಿದಷ್ಟೂ ಕಬ್ಬಿಣ ಇನ್ನೂ ಇಳಿಯುತ್ತದೆ. ವಾರಕ್ಕೊಮ್ಮೆ ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ ಕಬ್ಬಿಣಾಂಶದ ಗುಳಿಗೆ, ಫೆಬ್ರುವರಿ ಮತ್ತು ಆಗಸ್ಟಿನಲ್ಲಿ ಜಂತುಹುಳಕ್ಕೆ ಅಲ್ಬೆಂಡಜೋಲ್ ಕೊಡುವುದು ಈ ಕಾರಣಕ್ಕೇ. ಔಡಲೆಣ್ಣೆ ಕುಡಿಸುತ್ತಿದ್ದ ಅಜ್ಜಿಯ ಗುಮಾನಿಗೆ 2015ರಲ್ಲಿ ರಾಷ್ಟ್ರೀಯ ದಿನವೇ ನಿಗದಿಯಾಯಿತು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹದಿನೆಂಟರವರೆಗಿನ ಮಕ್ಕಳನ್ನು ತನ್ನದೆಂದು ಕರೆದುಕೊಂಡಿತು. ಆಯುಷ್ ಡಾಕ್ಟರರು, ನರ್ಸು, ಔಷಧಿ ಕೊಡುವವರ ತಂಡ ಜೀಪಿನಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸಾಲಿಗೆ ಒಂದು ಸಲ ಬರಬೇಕು. ತೂಕ, ಎತ್ತರ, ಕಣ್ಣು, ಹಲ್ಲು, ಎದೆ ನೋಡಬೇಕು. ತೊಂದರೆ ಕಂಡರೆ ಮೇಲಿನ ದವಾಖಾನೆಗೆ ಚೀಟಿ ಕೊಡಬೇಕು. ಹುಳುಕು ಹಲ್ಲಿನಿಂದ ರೊಟ್ಟಿ ಅಗಿಯಲಾಗದ ಮಗು, ಹೃದಯದ ರಂಧ್ರದಿಂದ ಉಸಿರು ಕಟ್ಟಿ ಊಟ ಅರ್ಧಕ್ಕೆ ಬಿಡುವ ಮಗು ಇಂಥ ತಪಾಸಣೆಯಲ್ಲಿ ಬೆಳಕಿಗೆ ಬರುತ್ತವೆ.

ಈಗ ಮಕ್ಕಳ ಡಾಕ್ಟರರು “ಉಣವಲ್ಲ” ಎಂಬ ಮಾತು ಕೇಳಿದೊಡನೆ ಔಷಧಿ ಬರೆಯುವುದಿಲ್ಲ, ಬರೆಯಬಾರದು ಕೂಡ. ಮೊದಲು ತೂಕ, ಎತ್ತರ. ಸಾಲಿ ವಯಸ್ಸಿನ ಮಗು ವರ್ಷಕ್ಕೆ ಸುಮಾರು ಎರಡು ಮೂರು ಕಿಲೊ ಏರಿ, ಐದಾರು ಸೆಂಟಿಮೀಟರ್ ಬೆಳೆಯುತ್ತಿದ್ದು, ಆಡಿಕೊಂಡು ಇದ್ದರೆ, ತಾಯಿಗೆ ಕಡಿಮೆ ಎನ್ನಿಸಿದ ಊಟ ಬಹಳ ಸಲ ಮಗುವಿಗೆ ಸಾಕಾಗಿರುತ್ತದೆ. ತೂಕ ನಿಂತಿದ್ದರೆ, ಇಳಿಯುತ್ತಿದ್ದರೆ, ಎರಡು ವಾರ ದಾಟಿದ ಜ್ವರ, ಕೆಮ್ಮು, ಪದೇಪದೇ ವಾಂತಿ, ಹೊಟ್ಟೆನೋವು, ಕಟ್ಟಿದ ಮಲ ಇದ್ದರೆ ಹುಡುಕಾಟ ಶುರುವಾಗಬೇಕು. ಹಸಿವೆಗೆಂದು ಅಂಗಡಿಯಲ್ಲಿ ಕೇಳಿ ಕುಡಿಸುವ ಸಿರಪ್ಪುಗಳಲ್ಲಿ ಅನೇಕವು ಸೈಪ್ರೊಹೆಪ್ಟಡಿನ್ ಎಂಬ ಅಲರ್ಜಿ ಔಷಧಿಯವು. ಕುಡಿದಷ್ಟು ದಿನ ಹಸಿವೆ ಬರುತ್ತದೆ, ಮಂಪರೂ ಬರುತ್ತದೆ. ಒಳಗಿನ ಕಾರಣ ಹಾಗೇ ಉಳಿಯುತ್ತದೆ.

ಕಾರಣಗಳೂ ಬದಲಾಗಿವೆ. ಒಂದು ಕಾಲಕ್ಕೆ ಸಾವೆ, ನವಣೆ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಎಲ್ಲೆಲ್ಲೂ ಗೋವಿನಜೋಳ. ಮನೆಗೆ ಉಣ್ಣಲು ಬರುವ ಬೆಳೆಯಲ್ಲ ಅದು, ಮಾರಿ ರೊಕ್ಕ ಮಾಡುವ ಬೆಳೆ. ಐದು ರೂಪಾಯಿಯ ಕುರುಕಲು ಪಾಕೀಟು ತಾಂಡಾದ ಗೂಡಂಗಡಿಯವರೆಗೂ ಬಂದಿದೆ. ಶಿಗ್ಗಾವಿ, ಸವಣೂರು ಕಡೆಯ ತಾಂಡಾಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋದ ತಂದೆತಾಯಿಯ ಮಗು ಅಜ್ಜಿಯ ಹತ್ತಿರ ಉಳಿದು ಊಟ ಬಿಟ್ಟಿದ್ದರೆ, ಅದಕ್ಕೆ ಬೇಕಾದ ಔಷಧಿ ಬಾಟ್ಲಿಯಲ್ಲಿಲ್ಲ. 2014ರಿಂದ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ಕಿನಲ್ಲಿ ಮನೋವೈದ್ಯರು ತಾಲ್ಲೂಕು ದವಾಖಾನೆಗೆ ಬರುವ ವ್ಯವಸ್ಥೆಯಿದೆ. ಉಣದ ಮಗುವನ್ನು ಅಲ್ಲಿಗೆ ಕರೆದೊಯ್ಯಬಹುದೆಂದು ಹೊಳೆಯುವ ಮನೆಗಳು ಇನ್ನೂ ಕಡಿಮೆ.

ಇನ್ನೊಂದನ್ನು ಹೇಳಲೇಬೇಕು. ದವಾಖಾನೆಯಲ್ಲಿ ಕೇಳುವ ದೂರು ಬಹುಪಾಲು ಹುಡುಗನದೇ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಹುಡುಗಿ ಕಡಿಮೆ ಉಂಡಳೆಂದು ಯಾರೂ ಡಾಕ್ಟರರ ಹತ್ತಿರ ಓಡುವುದಿಲ್ಲ. ಅವಳ ರಕ್ತ ಕಡಿಮೆಯಿದೆಯೆಂದು ತಿಳಿಯುವುದು ಸಾಲಿಯ ತಪಾಸಣೆಯಲ್ಲಿ. ಹಾವೇರಿಯಲ್ಲೇ 2022ರಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಹುಬ್ಬಳ್ಳಿಯ ಎಪ್ಪತ್ತು ಚಿಲ್ಲರೆ ಕಿಲೊಮೀಟರಿನ ದಾರಿ ಹಲವರಿಗೆ ತಪ್ಪಿದೆ. ಆದರೂ ತಂಡ ಬರೆದುಕೊಟ್ಟ ಚೀಟಿ ಪಾಟಿಚೀಲದಲ್ಲೇ ಉಳಿದುಬಿಡುವುದುಂಟು: ಸುಗ್ಗಿಯ ದಿನಗಳಲ್ಲಿ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ದವಾಖಾನೆಗೆ ಹೋಗುವುದು ಎಲ್ಲ ಮನೆಗೂ ಆಗದ ಮಾತು. ಆಗ ಆಶಾ ಕಾರ್ಯಕರ್ತೆಯೋ, ಮಾಸ್ತರರೋ, ಬಿಸಿಯೂಟದ ಅಕ್ಕನೋ ಮನೆಗೆ ಹೋಗಿ, “ಆ ಚೀಟಿ ಏನ್ ಮಾಡಿದ್ರಿ ಯಕ್ಕಾ, ನಾಡಿದ್ದ ಸೋಮವಾರ ನಾನೂ ಬರ್ತೀನಿ ನಡೀರಿ” ಎಂದು ಹುಡುಗಿಯನ್ನು ಹೊರಡಿಸುತ್ತಾರೆ.